ಕಲ್ಜೋಳದವರು

ನಮ್ಮ ಮನೆತನಕ್ಕೆ ಸರಕಾರಿ ಕಾಗದದಲ್ಲಿ ಒಂದು ಅಡ್ಡಹೆಸರು, ಊರ ಬಾಯಲ್ಲಿ ಇನ್ನೊಂದು. ಕಾಗದದ್ದನ್ನು ತಲಾಠಿ ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ತಾಂಬಾ ಊರಿಗೆಲ್ಲ ನಾವು ಕಲ್ಜೋಳದವರು. ನಾನು ಅಲ್ಲಿನ ಹೆಣ್ಣುಮಕ್ಕಳ ಸಾಲೆಗೆ ಶಿಕ್ಷಕಿಯಾಗಿ ಸೇರಿದ ಮೊದಲ ದಿನವೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳ ಕಿವಿಯಲ್ಲಿ ‘ಕಲ್ಜೋಳದ ಅಕ್ಕೋರು’ ಅಂದದ್ದು ನನಗೆ ಕೇಳಿಸಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳನ್ನು ಎಬ್ಬಿಸಿ ನಿಲ್ಲಿಸಿ ಹದಿನೇಳರ ಮಗ್ಗಿ ಕೇಳಿದೆ. ಆ ಹುಡುಗಿ ಒಂದೂ ತಪ್ಪದೆ ಹೇಳಿ ಕೂತಳು. ನನ್ನ ಸಿಟ್ಟು ನನ್ನಲ್ಲೇ ಉಳಿಯಿತು.

ಆ ಹೆಸರಿನ ಕತೆ ಹೇಳಬೇಕಾದರೆ ಮೊದಲು ಹಗೇವು ಎಂದರೇನು ಹೇಳಬೇಕು. ಈಗಿನವರು ನೋಡಿರಲಿಕ್ಕಿಲ್ಲ. ನೆಲದಲ್ಲಿ ಗಟ್ಟಿ ಗರಸು, ಅಂದರೆ ಕಲ್ಲುಮಣ್ಣು, ಹತ್ತಿದ ಕಡೆ ಕೊಡದ ಆಕಾರದ ಕುಣಿ ತೋಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಜೋಳದ ದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆರೆಯುವಾಗ ಮಾತ್ರ ಜೋಪಾನ ಬೇಕು. ಚಪ್ಪಡಿ ಸರಿಸಿ ಒಂದು ಹೊತ್ತು ಹಾಗೇ ಬಿಟ್ಟು, ಆಮೇಲೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಕಂದೀಲು ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಯಾರೂ ಇಳಿಯಬಾರದು. ಇನ್ನೊಂದು ನೇಮ ಏನೆಂದರೆ, ಹಗೇವಿನಲ್ಲಿ ಎಷ್ಟು ಚೀಲ ಇದೆ ಎಂಬುದನ್ನು ಮನೆಯ ಹಿರಿಯ ಯಾರಿಗೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಮನೆಗೆ ಮುಳುವಾದದ್ದು ಈ ಗುಟ್ಟೇ.

ನಾನು ಆಯಿ ಎನ್ನುವುದು ಅಪ್ಪನ ತಾಯಿಗೆ. ಆಕೆ ಸೊಸೆಯಾಗಿ ಬಂದ ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ದೊಡ್ಡ ಬರ ಬಿತ್ತು. ಆಗ ಮನೆಗೆ ಹಿರಿಯ ಆಕೆಯ ಮಾವ. ಊರವರು ಬಂದು ಕೇಳಿದಾಗ ಆತ ಹಗೇವು ಬರಿದಾಗಿದೆ ಅಂದನಂತೆ. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಬರ ಹೋಗಿ ಮೂರು ವರ್ಷದ ಮೇಲೆ ಆತ ಹಳ್ಳದ ದಂಡೆಯ ಹೊಲದಲ್ಲಿ ಹೊಸ ಹಗೇವು ತೋಡಿಸಲು ಹೋದ. ಆಳುದ್ದ ಇಳಿಯುವುದರೊಳಗೆ ಬಿಳಿ ಕಲ್ಲು ಹತ್ತಿತು. ಕಲ್ಲಿನ ತುಂಬ ಕಾಳು. ಜೋಳದ ಕಾಳಿನಷ್ಟೇ ಗಾತ್ರ, ಅದೇ ಬಿಳುಪು. ತಿಕ್ಕಿದರೆ ಕೆಲವು ಉದುರಿ ಅಂಗೈಗೆ ಬರುತ್ತಿದ್ದವು, ಹಲ್ಲಿಗೆ ಹಾಕಿದರೆ ಮಾತ್ರ ಕಲ್ಲು. ಊರು ಅಲ್ಲೇ ನಿಂತು ನ್ಯಾಯ ಮುಗಿಸಿತು. ಬರದಲ್ಲಿ ಇಲ್ಲ ಎಂದವನು ಕದ್ದು ಮುಚ್ಚಿಟ್ಟ ಹಗೇವು ಇದೇ, ಹಸಿದವರ ಹೊಟ್ಟೆಯುರಿಗೆ ಕಾಳು ಕಲ್ಲಾಗಿದೆ, ಮಾಡಿದ್ದುಣ್ಣೋ ಮಾರಾಯ. ಆತ ದೇವರ ಮುಂದಿನ ದೀಪ ಮುಟ್ಟಿ ಆಣೆ ಮಾಡಿದ. ಕಾಳು ಕಣ್ಣ ಮುಂದೆ ಬಿದ್ದಿರುವಾಗ ಆಣೆಯನ್ನು ಯಾರು ಕೇಳುತ್ತಾರೆ. ಐದಾರು ವರ್ಷ ತಲೆ ತಗ್ಗಿಸಿ ಬದುಕಿ ಸತ್ತ. ಅದೇ ಹೊಲದ ಬೇವಿನ ಗಿಡದ ಬುಡದಲ್ಲಿ ಅವನನ್ನು ಹೂಳಿದರು.

ಅವನು ಹೋದ ದಿನದಿಂದ ಆಯಿ ಜೋಳ ಬಿಟ್ಟಳು. ನಮ್ಮ ಸೀಮೆಯಲ್ಲಿ ಜೋಳ ಬಿಡುವುದೆಂದರೆ ಏನೆಂದು ಬೇರೆ ಕಡೆಯವರಿಗೆ ತಿಳಿಯಲಿಕ್ಕಿಲ್ಲ. ಕಾಶಿಗೆ ಹೋದವರು ಯಾವುದೋ ಒಂದು ಕಾಯಿಪಲ್ಯ ಬಿಟ್ಟು ಬರುತ್ತಾರೆ, ಅದೇನು ದೊಡ್ಡ ಮಾತಲ್ಲ. ಮುಂಜಾನೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ರಾತ್ರಿ ಜೋಳದ ನುಚ್ಚು ಉಣ್ಣುವ ಮನೆಯಲ್ಲಿ ಕೂತು ಐವತ್ತು ವರ್ಷ ಬರೀ ಸಜ್ಜೆ ರೊಟ್ಟಿ ತಿನ್ನುವುದು ಹುಡುಗಾಟವಲ್ಲ. ಬೇಸಿಗೆಯಲ್ಲಿ ಸಜ್ಜೆಯ ಕಾವಿಗೆ ಆಕೆಯ ಬಾಯಿ ಹುಣ್ಣಾಗುತ್ತಿತ್ತು. ಆದರೂ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದು, ಕೊನೆಗೆ ಹಂಚು ಒರೆಸಿ ತನಗೆಂದು ಎರಡು ಸಜ್ಜೆ ರೊಟ್ಟಿ ಮಾಡಿಕೊಳ್ಳುತ್ತಿದ್ದಳು. ಮನೆತನದ ಪಾಪವನ್ನು ಯಾರಾದರೂ ಒಬ್ಬರು ತೊಳೆಯಬೇಕಲ್ಲ ಎನ್ನುತ್ತಿದ್ದಳು. ಸಣ್ಣವಳಿದ್ದಾಗ ನನಗೆ ಅದು ದೊಡ್ಡತನ ಅನಿಸುತ್ತಿತ್ತು. ದೊಡ್ಡವಳಾದ ಮೇಲೆ ಸಿಟ್ಟು ಬರುತ್ತಿತ್ತು.

ನಾನು ಸಾಲೆಗೆ ಸೇರಿದ ಮರುವರ್ಷ, ಅರವತ್ತರ ದಶಕದ ಮೊದಲಿಗೆ, ಅಪ್ಪ ಆ ಹೊಲದ ಮೇಲ್ದಂಡೆಗೆ ಬಾವಿ ತೆಗೆಸಲು ನಿಂತ. ಹಳೇ ಹಗೇವಿನ ಕುಣಿಯಿಂದ ಅದು ಮುನ್ನೂರು ಹೆಜ್ಜೆಯಾದರೂ ದೂರ. ಆಯಿ ಬೇಡ ಅಂದಳು, ಅಪ್ಪ ಕೇಳಲಿಲ್ಲ. ದೇವಣಗಾಂವದಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದ. ಅರವತ್ತು ದಾಟಿದ ಮುಸಲ್ಮಾನ ಹಿರಿಯರು, ಸಿಂದಗಿ ಇಂಡಿ ಎರಡೂ ತಾಲೂಕಿನಲ್ಲಿ ಬಾವಿ ತೋಡಿದವರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಕಿವಿ ಸ್ವಲ್ಪ ಮಂದ. ಹರೆಯದಿಂದ ಸುರಂಗ ಹಾರಿಸಿ, ಅಂದರೆ ಬಂಡೆಗೆ ಮದ್ದು ತುಂಬಿ ಸಿಡಿಸಿ, ಹಾಗಾಗಿತ್ತು.

ಸಾಲೆ ಬಿಟ್ಟ ಮೇಲೆ ನಾನು ದಿನಾ ಬಾವಿಗೆ ಹೋಗುತ್ತಿದ್ದೆ. ಮೊದಲು ಎರೆ ಮಣ್ಣು, ಕರ್ರಗೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುವಂಥದು. ಅದರ ಕೆಳಗೆ ಗರಸು. ಗರಸಿನ ಕೆಳಗೆ ಉಳ್ಳಾಗಡ್ಡಿಯಂತೆ ಸಿಪ್ಪೆ ಸಿಪ್ಪೆ ಕಳಚುವ ದುಂಡು ಕಲ್ಲು. ಅಲ್ಲಿಂದ ಕೆಳಗೆ ಅಪ್ಪಟ ಕರಿಕಲ್ಲು, ಗುದ್ದಲಿ ತಾಗಿದರೆ ಗುದ್ದಲಿಯೇ ಹಿಂದೆ ಹಾರಬೇಕು. ಅದನ್ನು ಒಂದೂವರೆ ತಿಂಗಳು ಸುರಂಗ ಹಾರಿಸಿ ಒಡೆದರು. ಒಂದು ಬದಿಗೆ ಹತ್ತಿಳಿಯಲು ಪಾವಟಿಗೆ ಬಿಡುತ್ತ ಇಳಿದರು. ನಾಲ್ಕಾಳು ಆಳ ಹೋದ ಮೇಲೆ ಕರಿಕಲ್ಲು ಮುಗಿದು, ಸುಟ್ಟ ಇಟ್ಟಿಗೆಯಂಥ ಕೆಂಪು ಪಟ್ಟಿಯೊಂದು ಬಂತು. ಅದು ಮೊಣಕಾಲುದ್ದ. ಅದರ ಕೆಳಗೆ ಬಿಳಿ ಕಲ್ಲು. ಬಿಳಿ ಕಲ್ಲಿನ ತುಂಬ ಕಾಳು.

ಮುಂದಿನದು ನಮ್ಮ ಊರವರೇ ಮಾಡಬಹುದಾದ ಕೆಲಸ. ಕೆಳಗಿದ್ದ ಆಳುಗಳು ಸನಿಕೆ ಬಿಟ್ಟು ಮೇಲೆ ಬಂದರು. ಬಟಾಬಯಲಿನಲ್ಲಿ, ಹಾಡಹಗಲಿನಲ್ಲಿ, ಬಾಯಿ ತೆರೆದ ಆ ದೊಡ್ಡ ಬಾವಿಗೆ ಅಪ್ಪ ಕಂದೀಲು ಹಚ್ಚಿ ಇಳಿಬಿಟ್ಟ. ಹಗೇವು ತೆರೆದಾಗ ಮಾಡುವ ನೇಮ ಅದು. ಹಗೇವು ಎಂದು ಅಪ್ಪನೂ ಒಪ್ಪಿಬಿಟ್ಟಿದ್ದ. ಕಂದೀಲು ಉರಿಯುತ್ತಲೇ ಇತ್ತು, ಆದರೆ ಯಾರೂ ಇಳಿಯಲಿಲ್ಲ. ಪರರ ಹಸಿವಿನ ಕಾಳಿಗೆ ಸನಿಕೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಸಂಜೆಯೊಳಗೆ ಊರು ಹೊಲಕ್ಕೆ ಬಂತು. ಮುನ್ನೂರು ಹೆಜ್ಜೆ ಆಚೆಗೂ ಕಲ್ಜೋಳ ಎಂದರೆ ಹಗೇವು ಎಷ್ಟು ದೊಡ್ಡದಿದ್ದೀತು, ಇವರು ಊರ ಕಾಳನ್ನೆಲ್ಲ ನುಂಗಿದ್ದರು ಎಂದು ಮಾತಾಯಿತು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು.

ಆಯಿ ಅಂದು ಸಜ್ಜೆ ರೊಟ್ಟಿಯನ್ನೂ ಮುಟ್ಟಲಿಲ್ಲ. ಎರಡನೇ ದಿನ ಬರೀ ನೀರು. ಬಾವಿ ಮುಚ್ಚು ಎಂದು ಅಪ್ಪನಿಗೆ ಹೇಳಿದಳು. ಅಪ್ಪ ತಲೆ ಆಡಿಸಿದ. ಅಮಾವಾಸ್ಯೆ ಕಳೆದ ಮೇಲೆ, ತೆಗೆದ ಕಲ್ಲನ್ನೆಲ್ಲ ಮತ್ತೆ ಅದರೊಳಗೇ ತುಂಬುವುದೆಂದು ಮಾತಾಯಿತು. ಎಪ್ಪತ್ತೈದರ ಮುದುಕಿ ಕಲ್ಲಾದ ಕಾಳಿಗಾಗಿ ಅನ್ನ ಬಿಟ್ಟು ಮಲಗಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಹರಿಹಾಯಬೇಕೆಂದು ತಿಳಿಯದೆ ಬಾವಿಗೆ ಹೋಗಿ ಚಾಚಾನ ಮೇಲೆ ಹರಿಹಾಯ್ದೆ. ಇಷ್ಟು ವರ್ಷ ನೆಲ ತೋಡಿದವರು, ಹಗೇವು ಯಾವುದು ನೆಲ ಯಾವುದು ನಿಮಗೆ ಗೊತ್ತಾಗಬಾರದೇ ಎಂದೆ. ಚಾಚಾ ಬೀಡಿ ಆರಿಸಿ ನಿಧಾನಕ್ಕೆ ಹೇಳಿದರು.

“ಅಕ್ಕೋರ, ಹಗೇವಿಗೆ ಬಾಯಿ ಇರಬೇಕಲ್ರಿ. ಇದಕ್ಕ ಬಾಯಿ ಎಲ್ಲೈತಿ? ಇದರ ಮ್ಯಾಲಿನ ಕರಿಕಲ್ಲ ನಾ ಒಡದೇನ್ರಿ. ಅದರಾಗ ಒಂದು ಬಿರುಕಿಲ್ಲ. ನನಗಿಂತ ಮೊದಲ ಆ ಕಲ್ಲಿಗೆ ಮನಶ್ಯಾನ ಕೈ ಹತ್ತಿಲ್ಲ.”

ಅವರು ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಕೇಳಲಿಲ್ಲ ಅಂದರು.

ಬಾವಿಯ ಬಾಯಲ್ಲೇ ಕೂತುಬಿಟ್ಟೆ. ನಾಲ್ಕಾಳು ಆಳದಲ್ಲಿ, ಒಡೆಯದ ಬಂಡೆಯ ಕೆಳಗೆ, ಕಾಳು. ಮೇಲಿನ ಬಂಡೆಯನ್ನು ಎತ್ತದೆ ಯಾರೂ ಅಲ್ಲಿ ಏನನ್ನೂ ಇಡಲಾಗದು. ಹಾಗಾದರೆ ಕಾಳು ಮೊದಲು, ಬಂಡೆ ಆಮೇಲೆ. ಬಂಡೆ ಆಮೇಲೆ ಬಂತು ಎಂದರೆ ಏನರ್ಥ, ಎಲ್ಲಿಂದ ಬಂತು, ಹೇಗೆ ಬಂತು. ನನ್ನ ಕಾಲಕೆಳಗಿನ ನೆಲಕ್ಕೂ ಒಂದು ಮೊದಲು, ಒಂದು ಆಮೇಲೆ ಇದೆ ಎಂದು ಅಂದಿನವರೆಗೆ ನಾನು ಯೋಚಿಸಿರಲೇ ಇಲ್ಲ. ನೆಲ ಎಂದರೆ ನೆಲ, ದೇವರು ಇಟ್ಟದ್ದು, ಅಷ್ಟೇ.

ಮರುದಿನ ರಜೆ ಹಾಕಿ, ಬಿಳಿ ಕಲ್ಲಿನ ಒಂದು ಹೆಂಟೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಇಂಡಿಗೆ ಬಸ್ಸು ಹತ್ತಿದೆ. ಭೂಗರ್ಭ ಖಾತೆಯ ಸಾಹೇಬರೊಬ್ಬರು ಅಲ್ಲಿನ ಬಂಗಲೆಯಲ್ಲಿ ಇಳಿದಿದ್ದಾರೆ, ಊರೂರು ತಿರುಗಿ ಕಲ್ಲು ಆರಿಸುತ್ತಾರೆ ಎಂದು ನಮ್ಮ ಸಾಲೆಗೆ ಬಂದ ಇನ್‌ಸ್ಪೆಕ್ಟರರು ನಗುತ್ತ ಹೇಳಿದ್ದು ನೆನಪಿತ್ತು. ಸಾಹೇಬರು ಮೈಸೂರು ಕಡೆಯವರು, ತೆಳ್ಳಗಿನ ಮನುಷ್ಯ, ಬಿಸಿಲಿಗೆ ಮೂಗು ಸುಲಿದಿತ್ತು. ನಾನು ನಮಸ್ಕಾರವನ್ನೂ ಮಾಡದೆ ಹೆಂಟೆಯನ್ನು ಮೇಜಿನ ಮೇಲೆ ಇಟ್ಟೆ.

“ಇದು ಜೋಳ ಅಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ. ಶಿಕ್ಕಾ ಇದ್ರ ಶಿಕ್ಕಾನೂ ಒತ್ತರಿ.”

ನಾನು ಜಗಳಕ್ಕೆ ಬಂದಿದ್ದೇನೆ ಎಂದು ಅವರು ತಿಳಿದರಂತೆ. ಆಮೇಲೆ ಎಷ್ಟೋ ದಿನದ ಮೇಲೆ ಹೇಳಿದರು. ಆಗ ಮಾತ್ರ ಕೊರಳಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿ ಹೆಂಟೆಯನ್ನು ಹತ್ತಿರ ತಂದರು. ನೋಡುತ್ತಲೇ ಇದ್ದರು. ಎದುರಿಗೆ ಒಬ್ಬಳು ನಿಂತಿದ್ದಾಳೆಂಬ ಅರಿವೇ ಅವರಿಗೆ ಉಳಿಯಲಿಲ್ಲ. ತಲೆ ಎತ್ತಿದಾಗ ಅವರ ದನಿ ಬೇರೆಯಾಗಿತ್ತು. “ಇದರ ಮೇಲೆ ಏನಿತ್ತು? ಕೆಳಗೆ ಏನಿದೆ?” ಎಂದು ಕೇಳಿದರು. ಎಲ್ಲಿ ಸಿಕ್ಕಿತು, ಯಾರ ಹೊಲ, ಏನೂ ಕೇಳಲಿಲ್ಲ. ಎರೆ, ಗರಸು, ಉಳ್ಳಾಗಡ್ಡಿ ಕಲ್ಲು, ಕರಿಕಲ್ಲು, ಕೆಂಪು ಪಟ್ಟಿ ಎಂದು ನಾನು ಬೆರಳು ಮಡಚಿ ಹೇಳಿದೆ. ಕೆಳಗೆ ಏನಿದೆ ಗೊತ್ತಿಲ್ಲ, ಬಾವಿ ಮುಚ್ಚುವವರಿದ್ದಾರೆ ಎಂದೆ. ಅವರು ಎದ್ದು ಜೀಪಿನ ಡ್ರೈವರನನ್ನು ಕರೆದರು.

ಹೀಗೆ ನಾನು ಹುಟ್ಟಿದ ಮೇಲೆ ಮೊದಲ ಸಲ ಜೀಪಿನಲ್ಲಿ ಕೂತು ಊರಿಗೆ ಬಂದೆ. ಸಾಹೇಬರು ಪಾವಟಿಗೆ ಇಳಿದು ಗೋಡೆಗೆ ಕೈ ಹಚ್ಚುತ್ತ ಹಚ್ಚುತ್ತ ಹೋದರು. ಎರೆಗೆ ಒಮ್ಮೆ ನಿಂತರು, ಗರಸಿಗೆ ಒಮ್ಮೆ ನಿಂತರು. ಕೆಂಪು ಪಟ್ಟಿಯ ಹತ್ತಿರ ಚಾಚಾನನ್ನು ಕರೆದು ಇದು ನಿಮಗೆ ಏನನಿಸುತ್ತದೆ ಎಂದು ಕೇಳಿದರು. ಸುಟ್ಟ ಮಣ್ಣು ಅಂದರು ಚಾಚಾ. ಸಾಹೇಬರು ಹೌದು ಎಂದು ಅವರ ಕೈ ಹಿಡಿದುಕೊಂಡರು. ಬಿಳಿ ಕಲ್ಲಿನ ಒಂದು ದೊಡ್ಡ ತುಂಡನ್ನು ಸುತ್ತಿಗೆಯಿಂದ ಒಡೆದಾಗ ಎರಡು ಹೋಳಾಗಿ ಬಿತ್ತು. ಹೋಳಿನ ನಡುವೆ ನನ್ನ ಹೆಬ್ಬೆರಳಿನ ಉಗುರಿನಷ್ಟು ಒಂದು ಬಸವನಹುಳು, ಸುರುಳಿಯ ಒಂದು ಸುತ್ತೂ ಕೆಡದೆ ಕೂತಿತ್ತು. ಅದರ ಸುತ್ತ ಸಣ್ಣವು, ಸಣ್ಣವು, ಲೆಕ್ಕವಿಲ್ಲದಷ್ಟು. ಕಾಳು ಎಂದದ್ದೆಲ್ಲ ಹುಳುವಿನ ಚಿಪ್ಪು. ಕನ್ನಡಿ ಹಿಡಿದು ನೋಡಿದರೆ ಒಂದೊಂದಕ್ಕೂ ಸುರುಳಿ ಇತ್ತು.

ಅಲ್ಲೇ ಕೆಳಗೆ, ಕಲ್ಲಿನ ಮೇಲೆ ಕೂತು ಅವರು ಹೇಳಿದ್ದನ್ನು ನಾನು ಈಗಲೂ ಮರೆತಿಲ್ಲ. ಈ ಕರಿಕಲ್ಲು ಮೊದಲು ಕಲ್ಲಾಗಿರಲಿಲ್ಲ, ಬೆಂಕಿಯ ರಸವಾಗಿತ್ತಂತೆ. ನೆಲ ಉದ್ದಕ್ಕೆ ಸೀಳಿ ಆ ರಸ ಉಕ್ಕಿ, ಇಂಡಿ ಏನು, ಸಿಂದಗಿ ಏನು, ಈ ಸೀಮೆಯ ಮೇಲೆಲ್ಲ ಹರಿದು ಆರಿ ಕಲ್ಲಾಯಿತು. ಆಮೇಲೆ ಸಾವಿರಾರು ವರ್ಷ ಏನೂ ಇಲ್ಲ. ಮಳೆ ಬಿತ್ತು, ಕಲ್ಲಿನ ಮೈ ಮಣ್ಣಾಯಿತು, ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು, ಕೆರೆಗೆ ಹುಲ್ಲು ಬಂತು, ಹುಲ್ಲಿಗೆ ಹುಳು ಬಂತು. ಹುಟ್ಟಿ ಸತ್ತು ಹುಟ್ಟಿ ಸತ್ತು ಚಿಪ್ಪು ಕೆಸರಿಗೆ ಸೇರಿದವು. ಒಂದು ದಿನ ಮತ್ತೆ ನೆಲ ಸೀಳಿತು, ಮತ್ತೆ ಬೆಂಕಿ ಬಂದು ಕೆರೆಯನ್ನು ಮುಚ್ಚಿತು. ಕೆಂಪು ಪಟ್ಟಿ ಎಂದರೆ ಆ ಬೆಂಕಿಗೆ ಸುಟ್ಟ ಕೆರೆಯ ಮಣ್ಣು. ಹಳ್ಳದ ದಂಡೆಯಲ್ಲಿ ಮೇಲಿನ ಕರಿಕಲ್ಲನ್ನು ಹಳ್ಳವೇ ತಿಂದು ಹಾಕಿದೆ, ಅದಕ್ಕೇ ಅಲ್ಲಿ ಬಿಳಿ ಕಲ್ಲು ಆಳುದ್ದಕ್ಕೇ ಸಿಕ್ಕಿತು. ಇಲ್ಲಿ ಮೇಲ್ದಂಡೆಯಲ್ಲಿ ನಾಲ್ಕಾಳು ಆಳ. ಎರಡೂ ಒಂದೇ ಕೆರೆಯ ತಳ. ಬಸವನ ಬಾಗೇವಾಡಿಯ ಕಡೆ ಗೊಳಸಂಗಿಯ ಬಾವಿಯೊಂದರಲ್ಲೂ ಇಂಥದೇ ಕೆಂಪು ಪಟ್ಟಿ ನೋಡಿದ್ದೇನೆ, ಆದರೆ ಹುಳು ಸಿಕ್ಕದ್ದು ಇಲ್ಲೇ ಅಂದರು. ಎಷ್ಟು ವರ್ಷವಾಯಿತು ಎಂದು ನಮ್ಮ ಹಿಂದೆ ಇಳಿದು ಬಂದಿದ್ದ ಅಪ್ಪ ಕೇಳಿದ. ಸುಮಾರು ಆರು ಕೋಟಿ ಇರಬಹುದು, ಆಗ ಭೂಮಿಯ ಮೇಲೆ ಮನುಷ್ಯರೇ ಇರಲಿಲ್ಲ ಅಂದರು.

ಆ ಹೊತ್ತಿನಲ್ಲಿ ನನಗೆ ಅಳು ಬಂತು, ದುಃಖಕ್ಕಲ್ಲ. ನಾನು ನಿಂತದ್ದು ಒಂದು ಕೆರೆಯಲ್ಲಿ. ಅದರ ನೀರನ್ನು ಯಾವ ಹೆಣ್ಣುಮಗಳೂ ಕೊಡದಲ್ಲಿ ಹೊತ್ತಿಲ್ಲ, ಯಾವ ಎತ್ತೂ ಕುಡಿದಿಲ್ಲ, ಅದಕ್ಕೆ ಯಾರೂ ಒಂದು ಹೆಸರಿಟ್ಟಿಲ್ಲ. ಆದರೂ ಅದು ಇತ್ತು. ನೋಡುವವರು ಯಾರೂ ಇಲ್ಲದಾಗಲೂ ಮಳೆ ಬಂದಿತ್ತು, ಹುಳು ಹರಿದಾಡಿತ್ತು. ಗೋಡೆಗೆ ಕೈ ಇಟ್ಟೆ, ತಣ್ಣಗಿತ್ತು. ನನ್ನಷ್ಟು ಸಣ್ಣವಳು ಈ ಜಗತ್ತಿನಲ್ಲಿ ಯಾರೂ ಇಲ್ಲ ಅನಿಸಿತು, ಮತ್ತು ಯಾಕೋ ಅದರಿಂದ ಬಹಳ ಸುಖವಾಯಿತು.

ಸಾಹೇಬರು ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಚಹಾ ಕುಡಿದರು. ಕೂತವರು ಕೆಳಗಿನ ಫರಸಿ ಕಲ್ಲನ್ನು ಸವರತೊಡಗಿದರು. ಮುದ್ದೇಬಿಹಾಳದ ಕಡೆಯಿಂದ ಗಾಡಿಯಲ್ಲಿ ತರಿಸಿ ಹಾಸಿದ ಕಲ್ಲು ಅವು. ಒಂದರ ಮೇಲೆ ಮಾತ್ರ ಸಣ್ಣ ಸಣ್ಣ ತೆರೆ ಎದ್ದಂಥ ಗೀರುಗಳಿದ್ದವು. ಒರೆಸುವಾಗ ಅರಿವೆ ಸಿಗುತ್ತದೆಂದು ಅವ್ವ ಆ ಕಲ್ಲನ್ನು ದಿನಾ ಬೈಯುತ್ತಿದ್ದಳು. ಅದು ಸಮುದ್ರದ ತೆರೆಯ ಗುರುತು, ಕರಿಕಲ್ಲಿಗಿಂತಲೂ ಎಷ್ಟೋ ಹಳೆಯದು, ಆ ಸಮುದ್ರ ಇದ್ದಾಗ ಚಿಪ್ಪಿನ ಹುಳುವೂ ಹುಟ್ಟಿರಲಿಲ್ಲ ಎಂದರು. ಅವ್ವ ಒರೆಸುವ ಅರಿವೆ ಕೈಯಲ್ಲಿ ಹಿಡಿದು ಹಾಗೇ ನಿಂತಳು. ಅಂದಿನಿಂದ ಆ ಕಲ್ಲಿಗೆ ಬೈಗುಳ ನಿಂತಿತು.

ಬಾವಿಯಲ್ಲಿ ಹೇಳಿದ ಬೆಂಕಿ, ಕೆರೆ, ಆರು ಕೋಟಿ ವರ್ಷದ ಮಾತನ್ನೂ ಸಾಹೇಬರು ಅಲ್ಲಿ ಇನ್ನೊಮ್ಮೆ ಹೇಳಿದರು. ಆಯಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಎಲ್ಲ ಕೇಳುತ್ತಿದ್ದಳು. ಅಲ್ಲಿಂದಲೇ ಮಾತಾಡಿದಳು.

“ಅಂದ್ರ ರೊಟ್ಟಿ ಬುಟ್ಟಿ ಇದ್ದಂಗ. ಮೊದಲ ಬಡದದ್ದು ತಳಕ್ಕ, ಆಮ್ಯಾಲಿಂದು ಮ್ಯಾಲ.”

ಸಾಹೇಬರು ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ ಅಂದರು. ಆದರೆ ಕೋಟಿ ಎಂದರೆ ಎಷ್ಟು ಎಂದು ಆಯಿ ಕೇಳಿದಾಗ ಅವರು ಸೊನ್ನೆಗಳ ಲೆಕ್ಕ ಹೇಳಿದರು, ತಿಳಿಯಲಿಲ್ಲ ಎಂದು ಆಯಿ ತಲೆ ಅಲ್ಲಾಡಿಸಿದಳು. ಅವರು ಸಿಂದಗಿಯ ಕಡೆ ಹೋಗುವವರಿದ್ದರು. ಹುಡುಗಿಯರಿಗೆ ತೋರಿಸಿರಿ, ಬರುವಾಗ ಇಸಿದುಕೊಳ್ಳುತ್ತೇನೆ ಎಂದು ಕೊರಳಿನ ಕನ್ನಡಿ ಬಿಚ್ಚಿ ನನಗೆ ಕೊಟ್ಟು ಹೋದರು. ನಾನು ಕೇಳಿದ್ದ ಕಾಗದವನ್ನೂ ಬರೆದು ಕೊಟ್ಟರು, ಸಹಿ ಸಮೇತ. ಶಿಕ್ಕಾ ಇರಲಿಲ್ಲ.

ಮರುದಿನ ಸಾಲೆಯಲ್ಲಿ ನಾನು ಗಣಿತದ ಪುಸ್ತಕ ಮುಚ್ಚಿಟ್ಟೆ. ಮನೆಯಿಂದ ಒಂದು ಛಟಾಕು ಜೋಳ ಒಯ್ದು ಹುಡುಗಿಯರಿಗೆ ಹಂಚಿ ಕಾಳು ಎಣಿಸಲು ಹೇಳಿದೆ. ಅದರಿಂದ ಸೇರು, ಸೇರಿನಿಂದ ಚೀಲ ಎಂದು ಹಲಗೆಯ ಮೇಲೆ ಗುಣಿಸುತ್ತ ಹೋದೆವು. ಒಂದು ಕಾಳು ಒಂದು ವರ್ಷ ಎಂದು ಹಿಡಿದರೆ ಆರು ಕೋಟಿ ವರ್ಷಕ್ಕೆ ಎಷ್ಟು ಜೋಳ ಬೇಕು. ಲೆಕ್ಕ ಹದಿನೆಂಟು ಇಪ್ಪತ್ತು ಚೀಲದ ಹತ್ತಿರ ಬಂದು ನಿಂತಿತು. ಹದಿನೇಳರ ಮಗ್ಗಿಯ ಹುಡುಗಿ ಎದ್ದು ನಿಂತು, ಅಕ್ಕೋರ, ಅದು ಒಂದು ಹಗೇವು ಆತಲ್ರಿ ಅಂದಳು. ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ನಮ್ಮ ಮನೆಯ ಹಗೇವಿಗೆ ಹಿಡಿಯುತ್ತಿದ್ದದ್ದು ಇಪ್ಪತ್ತು ಚೀಲ. ಮನೆಯ ಗುಟ್ಟಾದ್ದರಿಂದ ಹೇಳಲಿಲ್ಲ.

ಸಾಹೇಬರು ಬಂದುಹೋದ ಮೇಲೆ ಆಯಿ ಮತ್ತೆ ಸಜ್ಜೆ ರೊಟ್ಟಿ ಮುಟ್ಟಿದ್ದಳು. ಆಕೆಗೆ ಅದೇ ಲೆಕ್ಕ ಹೇಳಿದೆ. ನಮ್ಮ ಹಗೇವು ಬಾಯಿತನಕ ತುಂಬಿದೆ ಎಂದು ತಿಳಿ. ಒಂದೊಂದು ಕಾಳೂ ಒಂದೊಂದು ಮಳೆಗಾಲ. ಮನುಷ್ಯ ಬಿತ್ತಿ ಬೆಳೆಯಲು ಕಲಿತದ್ದೆಲ್ಲ ಮೇಲಿನ ಒಂದು ಬೊಗಸೆ. ನೀನು, ನಿನ್ನ ಮಾವ, ಆ ಬರ, ನಾವೆಲ್ಲ ಸೇರಿ ಒಂದು ಚಿಟಿಕೆ. ಹುಳು ಇರುವುದು ತಳದ ಕಣಿಕೆಗೆ ಹತ್ತಿದ ಕಾಳಿನಲ್ಲಿ. ಆಯಿ ಜೀವಮಾನವಿಡೀ ಹಗೇವು ತುಂಬಿದವಳು, ತೆಗೆದವಳು. ಅವಳಿಗೆ ಆ ಆಳ ನನಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಅಲ್ಲಿಗೆ ಕರಕೊಂಡು ನಡಿ ಅಂದಳು.

ಸಾಹೇಬರ ಮಾತು ಕೇಳಿ ಅಪ್ಪ ಬಾವಿ ಮುಚ್ಚುವ ಮಾತು ಬಿಟ್ಟಿದ್ದ, ಅಷ್ಟರಲ್ಲಿ ಚಾಚಾ ಕೆಲಸ ಮತ್ತೆ ಹಿಡಿದಿದ್ದರು. ಬಿಳಿ ಕಲ್ಲು ಮುಗಿದು ಕೆಳಗೆ ಮತ್ತೆ ಕರಿಕಲ್ಲು ಹತ್ತಿತ್ತು. ಸಾಹೇಬರು ಹೇಳಿದ ಮೊದಲ ಬೆಂಕಿ ಅದೇ. ಎರಡರ ನಡುವಿನಿಂದ ನೀರು ಜಿನುಗಿ ಕಣಕಾಲಿನಷ್ಟು ನಿಂತಿತ್ತು. ಆಯಿ ಒಂದೊಂದೇ ಪಾವಟಿಗೆಯ ಮೇಲೆ ಕೂತು ಕೂತು ಇಳಿದಳು. ನಾನು ಮುಂದೆ, ಚಾಚಾ ಹಿಂದೆ. ಎರೆ ಹೋಯಿತು, ಗರಸು ಹೋಯಿತು, ಕರಿಕಲ್ಲು ಬಂದಾಗ ಆಕೆ ಅಂಗೈ ಇಟ್ಟು ಉದ್ದಕ್ಕೂ ಸವರಿದಳು. ಬಿರುಕು ಹುಡುಕುತ್ತಿದ್ದಳು ಎಂದು ನನಗೆ ಆಮೇಲೆ ಹೊಳೆಯಿತು. ಬಿಳಿ ಕಲ್ಲಿನ ಹತ್ತಿರ ಕೂರಿಸಿ, ಒಂದು ಕಾಳನ್ನು ಅಂಗೈಯಲ್ಲಿಟ್ಟು ಕನ್ನಡಿ ಹಿಡಿದೆ. ಹೂವು ಬಿದ್ದ ಕಣ್ಣು ಆಕೆಯದು, ಹೊಂದಿಸಿಕೊಳ್ಳಲು ತಡವಾಯಿತು. ಕಂಡಾಗ ಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು, ಸುರುಳಿ ಹೇಗಿದೆಯೋ ಹಾಗೆ.

“ಮನಶ್ಯಾರ ಇರಲಿಲ್ಲಂದ್ರ ಪಾಪ ಎಲ್ಲಿಂದ ಬರಬೇಕು,” ಅಂದಳು.

ನಾನು ಗೆದ್ದೆ ಎಂದುಕೊಂಡೆ. ಇನ್ನು ಆಯಿ ನಗುತ್ತಾಳೆ, ಮನೆಗೆ ಹೋಗಿ ಜೋಳದ ರೊಟ್ಟಿ ಉಣ್ಣುತ್ತಾಳೆ ಎಂದುಕೊಂಡೆ. ಆಕೆಯ ಮುಖ ನೋಡಿದರೆ ಹಾಗಿರಲಿಲ್ಲ. ಕಾಳನ್ನು ಮುಷ್ಟಿಯಲ್ಲಿ ಹಿಡಿದು ನೀರನ್ನೇ ನೋಡುತ್ತ ಕೂತಳು. ಆಮೇಲೆ, ಯಾರಿಗೂ ಐವತ್ತು ವರ್ಷ ಹೇಳದ್ದನ್ನು ನನಗೆ ಹೇಳಿದಳು. ಆ ಬರದಲ್ಲಿ ಆಕೆಗೆ ಒಂದು ಹೆಣ್ಣು ಕೂಸಿತ್ತು. ಎದೆಯಲ್ಲಿ ಹಾಲು ಬತ್ತಿ ಕೂಸು ಹೋಯಿತು. ಮೂರು ವರ್ಷದ ಮೇಲೆ ಹೊಲದಲ್ಲಿ ಕಲ್ಜೋಳ ಸಿಕ್ಕಾಗ, ತನ್ನ ಕೂಸು ಸಾಯುವಾಗ ಮಾವ ಜೋಳ ಮುಚ್ಚಿಟ್ಟಿದ್ದ ಎಂದು ಊರವರಿಗಿಂತ ಮೊದಲು ನಂಬಿದವಳು ಆಕೆಯೇ. ಅಂದಿನಿಂದ ಮಾವನಿಗೆ ಊಟದ ಗಂಗಾಳ ಇಟ್ಟಳೇ ಹೊರತು ಒಂದು ಮಾತಾಡಲಿಲ್ಲ.

“ಸಾಯೂ ಹೊತ್ತಿನ್ಯಾಗ ಅವರು ನನ್ನ ಕೈಲೆ ನೀರ ಕೇಳಿದ್ರು. ಸೊಸಿನ್ನ ಕರೀರಿ ಅಂದ್ರು. ನಾ ಹೋಗಲಿಲ್ಲ. ಅಡಗಿಮನ್ಯಾಗ ಒಲಿ ಮುಂದ ಕುಂತಬಿಟ್ಟೆ. ಹಾಂಗ ಹೋದ್ರು.”

ಜೋಳ ಬಿಟ್ಟದ್ದು ಮಾವನ ಪಾಪ ತೊಳೆಯಲು ಎಂದು ನಾವೆಲ್ಲ ತಿಳಿದಿದ್ದೆವು. ಆಯಿಯೂ ಹಾಗೆಂದೇ ತಿಳಿದಿದ್ದಳೋ ಏನೋ. ಆರು ಕೋಟಿ ವರ್ಷದ ಲೆಕ್ಕ ಕಟ್ಟಿದವಳಿಗೆ ಆ ಒಂದು ತಂಬಿಗೆ ನೀರಿನ ಲೆಕ್ಕ ಕಟ್ಟಲು ಬರಲಿಲ್ಲ. ಸತ್ಯ ತಂದು ಕೊಟ್ಟವಳು ನಾನೇ, ಅದು ಆಕೆಯ ಎದೆಯ ಮೇಲೆ ಹೀಗೆ ಕೂರುತ್ತದೆಂದು ನನಗೆ ಏನು ಗೊತ್ತು.

ಆಯಿ ಅಳಲಿಲ್ಲ. ತಂಬಿಗಿ ಕೊಡು ಅಂದಳು. ಚಾಚಾ ತಮ್ಮ ಕುಡಿಯುವ ತಂಬಿಗೆಯನ್ನು ತೊಳೆದು ಕೊಟ್ಟರು. ಬಿಳಿ ಕಲ್ಲಿನ ಬುಡದಿಂದ ಬರುತ್ತಿದ್ದ ಸೆಲೆಗೆ ಆಕೆ ತಾನೇ ಬಾಗಿ ಅದನ್ನು ಹಿಡಿದಳು. ತುಂಬಲು ಬಹಳ ಹೊತ್ತು ಬೇಕಾಯಿತು. ನಾನು ಹಿಡಿಯುತ್ತೇನೆಂದರೆ ಬಿಡಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡು, ಇಳಿದ ಹಾಗೆಯೇ ಕೂತು ಕೂತು ಮೇಲೆ ಹತ್ತಿದಳು. ಬೇವಿನ ಗಿಡದ ಬುಡಕ್ಕೆ ಹೋಗಿ, ತಲೆಯ ಮೇಲೆ ಸೆರಗು ಹೊದ್ದು, ಮಾವನ ಎದುರು ಸೊಸೆ ನಿಲ್ಲುವ ಹಾಗೆ ಮುಖ ತುಸು ತಿರುಗಿಸಿ ನಿಂತಳು.

“ಮಾವಾರ, ನೀರ ತಂದೇನ್ರಿ.”

ನೀರನ್ನು ನಿಧಾನಕ್ಕೆ ಸುರಿದಳು. ಎರೆ ಮಣ್ಣು ಬಿರಿದಿತ್ತು, ಬಿದ್ದ ನೀರೆಲ್ಲ ಒಂದು ಹನಿ ಉಳಿಯದೆ ಒಳಗೆ ಹೋಯಿತು. ತಳದಲ್ಲಿ ಸ್ವಲ್ಪ ಉಳಿಸಿಕೊಂಡು ಅಲ್ಲೇ ಕೂತಳು. ನಮ್ಮ ಹಿಂದೆ ಬಂದಿದ್ದ ಚಾಚಾನ ಕಡೆ ತಿರುಗಿ ಬುತ್ತಿಯಲ್ಲಿ ಏನಿದೆ ಎಂದು ಕೇಳಿದಳು. ಜೋಳದ ರೊಟ್ಟಿ ಐತ್ರಿ ಅಮ್ಮಾರ, ನಿನ್ನಿದು ಅಂದರು ಅವರು, ಹೇಳಲೋ ಬೇಡವೋ ಎಂಬಂತೆ. ಆಯಿ ಕೈ ಚಾಚಿದಳು. ಒಣಗಿ ಗಟ್ಟಿಯಾದ ಕಟಿ ರೊಟ್ಟಿ, ಆಕೆಗೆ ಹಲ್ಲಿಲ್ಲ. ಅರ್ಧ ಮುರಿದು ಮಣ್ಣಿನ ಮೇಲೆ ಇಟ್ಟು, ಉಳಿದರ್ಧವನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಅದ್ದಿ ತಿಂದಳು.